ಎಂಜಿನ್ ಕೂತಿತು, ಗಾಡಿ ಏಳಲಿಲ್ಲ: ವೈರಿಂಗ್ ದೋಷ ಹುಡುಕುವ ಬಗೆ

ನನ್ನ ಹಳೇ ಮಾರುತಿ ಜಿಪ್ಸಿಗೆ ಎಸ್ಟೀಮ್ ಕಾರಿನ ಎಂಜಿನ್ ಕೂರಿಸಿ ಮೊದಲ ಸಲ ಸೆಲ್ಫ್ ಹೊಡೆದಾಗ ಎಂಜಿನ್ ಅರ್ಧ ಸುತ್ತು ನರಳಿ ನಿಂತುಬಿಟ್ಟಿತು. ಬ್ಯಾಟರಿ ಹೊಸದು, ಸೆಲ್ಫ್ ಮೋಟರಿಗೆ ಬ್ರಷ್ ಹೊಸದು. ಇನ್ನೊಂದು ಸಲ ಹೊಡೆಸಿದೆ. ಕೀ ತಿರುಗಿಸಲು ಕೂತಿದ್ದ ಅಣ್ಣನ ಮಗ ಕಿರುಚಿದ: "ಚಿಕ್ಕಪ್ಪಾ, ಪೆಡಲ್ ಹತ್ರ ಹೊಗೆ!" ಹೊಗೆ ಬರುತ್ತಿದ್ದುದು ಯಾವ ವೈರಿನಿಂದಲೂ ಅಲ್ಲ, ಆಕ್ಸಿಲರೇಟರ್ ಕೇಬಲ್ಲಿನಿಂದ.

ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಹಾಕುವುದನ್ನು ಮರೆತಿದ್ದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸೆಲ್ಫ್ ಮೋಟರ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಬ್ಯಾಟರಿಗೆ ವಾಪಸ್ ಹೋಗಬೇಕಲ್ಲ, ಎಂಜಿನ್ನಿಗೂ ಬಾಡಿಗೂ ನಡುವೆ ಉಳಿದಿದ್ದ ಲೋಹದ ಎಳೆ ಆ ಕೇಬಲ್ ಒಂದೇ. ಪಾಪ, ಅದು ತನ್ನ ಕೈಲಾದಷ್ಟು ಹೊತ್ತು ಸುಟ್ಟುಕೊಂಡಿತು. ಇದಕ್ಕೆ ಒಂದು ಗಂಟೆ ಮುಂಚೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಎಂಜಿನ್ ಮತ್ತು ಬಾಡಿ ನಡುವೆ ಮುಟ್ಟಿಸಿ ನೋಡಿದ್ದೆ. ಅದು ಜೋರಾಗಿಯೇ ಬೀಪ್ ಅಂದಿತ್ತು.

ಎಂಜಿನ್ ಬದಲಾಯಿಸಿದ ಗಾಡಿಯ ವೈರಿಂಗಿನಲ್ಲಿ ಕಂಡುಬರುವ ತೊಂದರೆಗಳಲ್ಲಿ ಬಹುಪಾಲು ಈ ಜಾತಿಯವು. ಮೀಟರಿಗೆ ಸರಿ ಕಾಣುತ್ತದೆ, ಕೆಲಸ ಮಾಡು ಅಂದಾಗ ಕೈಕೊಡುತ್ತದೆ. ಮಲ್ಟಿಮೀಟರ್ ಬೀಪ್ ಮಾಡಲು ಒಂದು ಆಂಪಿಯರಿನ ಸಾವಿರದ ಒಂದು ಪಾಲು ಸಾಕು. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ಕಿತ್ತುಹೋಗಿದ್ದರೂ ಅದು ಬೀಪ್ ಅನ್ನುತ್ತದೆ. ಆದ್ದರಿಂದ ಕೆಳಗಿನ ಎಲ್ಲ ಹಂತಗಳಲ್ಲೂ ಆದಷ್ಟು ಭಾರ ಹೊರಿಸಿಯೇ ಪರೀಕ್ಷೆ ಮಾಡುತ್ತೇವೆ.

ಉದಾಹರಣೆಗೆ ನನ್ನ ಜಿಪ್ಸಿಯನ್ನೇ ಇಟ್ಟುಕೊಳ್ಳುತ್ತೇನೆ. 970 ಸಿಸಿಯ ಕಾರ್ಬುರೇಟರ್ ಎಂಜಿನ್ ಇಳಿಸಿ, 1298 ಸಿಸಿಯ 16 ವಾಲ್ವ್ ಎಂಪಿಎಫ್‌ಐ (ಇಂಜೆಕ್ಟರ್ ಎಂಬ ನಳಿಕೆಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಏರಿಸಿದ್ದು. ಬೇರೆ ಗಾಡಿಯಾದರೂ ಹುಡುಕುವ ಕ್ರಮ ಇದೇ.

ಕೀ ಮುಟ್ಟುವ ಮುಂಚೆ

ಈ ಕೆಲಸದಲ್ಲಿ ಎರಡು ವೈರಿಂಗ್‌ಗಳು ಒಂದಾಗುತ್ತವೆ: ಗಾಡಿಯ ಹಳೇ ಬಾಡಿ ವೈರಿಂಗ್, ಎಂಜಿನ್ ಜೊತೆ ಬಂದ ಹಾರ್ನೆಸ್, ಎಂದರೆ ವೈರುಗಳ ಕಟ್ಟು. ತೊಂದರೆ ಹುಟ್ಟುವುದು ಹೆಚ್ಚಾಗಿ ಇವೆರಡು ಸೇರುವ ಜಾಗದಲ್ಲಿ. ಅಲ್ಲಿ ಎಷ್ಟು ವೈರು ಸೇರಿವೆ ಎಂದು ಎಣಿಸಿ. ಕಾರ್ಬುರೇಟರ್ ಗಾಡಿಗೆ ಎಂಪಿಎಫ್‌ಐ ತಂದರೆ ಬಹಳವೇನೂ ಇರುವುದಿಲ್ಲ: ಬ್ಯಾಟರಿ ಲೈನ್, ಕೀ ಲೈನ್, ಸೆಲ್ಫ್ ಲೈನ್, ಪೆಟ್ರೋಲ್ ಪಂಪಿನ ಲೈನ್, ಚಾರ್ಜ್ ಲ್ಯಾಂಪ್, ಆಯಿಲ್ ಲ್ಯಾಂಪ್, ಟೆಂಪರೇಚರ್ ಮುಳ್ಳು, ಚೆಕ್ ಎಂಜಿನ್ ಲ್ಯಾಂಪ್, ಸ್ಪೀಡ್ ಸೆನ್ಸರ್. ಹತ್ತು ಹನ್ನೆರಡರೊಳಗೆ ಮುಗಿಯುತ್ತದೆ. ಒಂದು ನೋಟ್‌ಬುಕ್ ಹಾಳೆಯಲ್ಲಿ ಎಡಕ್ಕೆ ಬಾಡಿಯ ವೈರ್ ಬಣ್ಣ, ಬಲಕ್ಕೆ ಎಂಜಿನ್ನಿನ ವೈರ್ ಬಣ್ಣ, ಮಧ್ಯೆ ಅದರ ಕೆಲಸ ಬರೆಯಿರಿ. ಈ ಹಾಳೆ ಇಲ್ಲದೆ ದೋಷ ಹುಡುಕಲು ಕೂತರೆ ಸಂಜೆಯ ಹೊತ್ತಿಗೆ ಯಾವುದನ್ನು ಯಾವುದಕ್ಕೆ ಕೊಟ್ಟಿದ್ದೆ ಎಂಬುದೇ ಮರೆತಿರುತ್ತದೆ.

ಬಣ್ಣವನ್ನೇ ನಂಬಬೇಡಿ. ಗುಜರಿಯಿಂದ ಬಂದ ಹಾರ್ನೆಸ್ಸಿನಲ್ಲಿ ಯಾರೋ ಯಾವತ್ತೋ ಸಿಕ್ಕ ಬಣ್ಣದ ವೈರು ಸೇರಿಸಿರುತ್ತಾರೆ. ಮೇಲೆ ಕೆಂಪು ಇದ್ದದ್ದು ಟೇಪಿನ ಕೆಳಗೆ ಹಸಿರಾಗಿ ಹೊರಬರುತ್ತದೆ. ಇನ್ನೊಂದು ಮಾತು, ಎಸ್ಟೀಮಿನಲ್ಲಿ ಈ ಎಂಜಿನ್ ಅಡ್ಡಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದುದ್ದ. ಹಾರ್ನೆಸ್ ಎಲ್ಲಿಗೋ ಗಿಡ್ಡವಾಗುತ್ತದೆ, ಅಲ್ಲಿ ವೈರು ಸೇರಿಸಲೇಬೇಕು. ಆ ಪ್ರತಿ ಜೋಡಣೆಯೂ ಸಂಶಯಾಸ್ಪದ ಜಾಗವೇ. ಹಾಳೆಯಲ್ಲಿ ಅದಕ್ಕೊಂದು ಚುಕ್ಕೆ ಇಡಿ.

ಬೇಕಾದ ಸಾಮಾನು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಇಂಡಿಕೇಟರಿಗೆ ಹಾಕುವ 21 ವಾಟ್ ಬಲ್ಬಿಗೆ ಎರಡು ವೈರು ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್. ಒಂದು ಎಲ್‌ಇಡಿ ಟೆಸ್ಟರ್. ಫ್ಯೂಸ್ ಹಾಕಿದ ಉದ್ದನೆಯ ವೈರು ಒಂದು. ಕಪ್ಲರಿನ (ವೈರುಗಳನ್ನು ಸಿಕ್ಕಿಸಿ ಜೋಡಿಸುವ ಪ್ಲಗ್) ಹಿಂದಿನಿಂದ ತೂರಿಸಲು ಹೊಲಿಗೆ ಸೂಜಿ ಎರಡು.

ದೊಡ್ಡ ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ, ಆದ್ದರಿಂದ ಸತ್ತ ವೈರಿನ ಗುಟ್ಟು ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಅದನ್ನು ಇಸಿಎಂ (ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಡಬ್ಬಿ) ಪಿನ್ನಿಗಾಗಲಿ ಸೆನ್ಸರ್ ವೈರಿಗಾಗಲಿ ಮುಟ್ಟಿಸಬೇಡಿ. ಒಳಗಿನ ಡ್ರೈವರ್ ಸುಟ್ಟುಹೋಗುತ್ತದೆ. ಅಲ್ಲಿಗೆ ಮೀಟರ್ ಅಥವಾ ಎಲ್‌ಇಡಿ ಮಾತ್ರ. ವೈರಿನ ಮೈಗೆ ಸೂಜಿ ಚುಚ್ಚುವ ಅಭ್ಯಾಸವೂ ಬೇಡ. ಮಲೆನಾಡಿನ ಮಳೆಗಾಲಕ್ಕೆ ಆ ತೂತು ಸಾಕು, ಮುಂದಿನ ವರ್ಷದೊಳಗೆ ಒಳಗಿನ ತಾಮ್ರ ಕಿಲುಬು ಹಿಡಿದು ಹಸಿರು ಪುಡಿಯಾಗಿರುತ್ತದೆ. ಚುಚ್ಚಲೇಬೇಕಾಗಿ ಬಂದರೆ ನಂತರ ಆ ಜಾಗಕ್ಕೆ ನೇಲ್ ಪಾಲಿಶ್ ಹಚ್ಚಿ.

ವೈರು ಕತ್ತರಿಸುವ, ಸೇರಿಸುವ ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ಕಳಚಿ. ಪೆಟ್ರೋಲ್ ಪೈಪು ಬಿಚ್ಚಿದ್ದಾಗ ಕರೆಂಟಿನ ಪರೀಕ್ಷೆ ಬೇಡವೇ ಬೇಡ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಕಪ್ಲರುಗಳಿಂದ ದೂರವಿರಿ.

ಮೊದಲು ಬ್ಯಾಟರಿ, ಆಮೇಲೆ ಅರ್ಥ್

ರಾತ್ರಿ ಸುಮ್ಮನೆ ಬಿಟ್ಟ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ, ಚಾರ್ಜಿಗೆ ಹಾಕಿ. ಸೆಲ್ಫ್ ಹೊಡೆಯುವಾಗ 9.6ರಿಂದ ಕೆಳಗೆ ಇಳಿಯಬಾರದು. ಇಲ್ಲಿ ಸೋತ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ಉತ್ತರ ಸುಳ್ಳೇ.

ಈಗ ಅರ್ಥ್. ಇದಕ್ಕೆ ಸಮಯ ಕೊಡಿ, ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ.

ಪಂಪಿನ ಫ್ಯೂಸ್ ತೆಗೆದು ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಕಂಬಕ್ಕೇ ತಾಗಬೇಕು, ಮೇಲಿನ ಕ್ಲ್ಯಾಂಪಿಗಲ್ಲ. ಕೆಂಪು ಕಡ್ಡಿ ಎಂಜಿನ್ನಿನ ಬರಿ ಲೋಹಕ್ಕೆ. ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ, ಆ ಎರಡು ಮೂರು ಸೆಕೆಂಡಿನಲ್ಲಿ ಅಂಕಿ ಓದಿ. 0.2 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಹೊಗೆ ಬಂದ ದಿನ ನನ್ನ ಗಾಡಿಯಲ್ಲಿ 5 ವೋಲ್ಟ್ ದಾಟಿತ್ತು. ಎಂದರೆ ಬ್ಯಾಟರಿ ಕೊಟ್ಟದ್ದರಲ್ಲಿ ಸುಮಾರು ಅರ್ಧ ವಾಪಸ್ ದಾರಿಯಲ್ಲೇ ಶಾಖವಾಗಿ ಹೋಗುತ್ತಿತ್ತು.

ಲೆಕ್ಕ ಸರಳ. 150 ಆಂಪಿಯರ್ ಹರಿಯುವಾಗ 0.01 ಓಮ್ ತಡೆ ಇದ್ದರೆ 1.5 ವೋಲ್ಟ್ ನಷ್ಟ. ನಿಮ್ಮ ಮೀಟರಿನ ಓಮ್ ಸ್ಕೇಲಿನಲ್ಲಿ 0.01 ಕಾಣುವುದೇ ಇಲ್ಲ, ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೇ 0.2 ತೋರಿಸುತ್ತದೆ. ಅದಕ್ಕೇ ಓಮ್ ಬಿಟ್ಟು ಹರಿಯುವಾಗಿನ ವೋಲ್ಟ್ ನೋಡುವುದು.

ತಡೆ ಎಲ್ಲಿದೆ ಎಂದು ತಿಳಿಯಲು ಕಪ್ಪು ಕಡ್ಡಿ ಅಲ್ಲೇ ಇರಲಿ, ಕೆಂಪನ್ನು ಒಂದೊಂದೇ ಹೆಜ್ಜೆ ಸರಿಸಿ: ಮೈನಸ್ ಕ್ಲ್ಯಾಂಪ್, ಕೇಬಲ್ ತುದಿಯ ಲಗ್ (ಬೋಲ್ಟಿಗೆ ಬಿಗಿಯುವ ಲೋಹದ ತುದಿ), ಬಾಡಿ, ಅರ್ಥ್ ಪಟ್ಟಿಯ ಎಂಜಿನ್ ತುದಿ, ಎಂಜಿನ್ ಬ್ಲಾಕ್. ಅಂಕಿ ಎಲ್ಲಿ ಧುತ್ತೆಂದು ಜಿಗಿಯಿತೋ ಆ ಎರಡರ ನಡುವೆ ಕಳ್ಳ ಕೂತಿದ್ದಾನೆ. ಹೆಚ್ಚಾಗಿ ಅದು ಬಣ್ಣ. ಎಂಜಿನ್ ಬೇ ಚೆಂದ ಕಾಣಲಿ ಎಂದು ಪೇಂಟ್ ಹೊಡೆಸಿರುತ್ತೇವೆ, ಅದರ ಮೇಲೇ ಬೋಲ್ಟ್ ಬಿಗಿದಿರುತ್ತೇವೆ. ಉಜ್ಜಿ ಬರಿ ತಗಡು ಕಾಣಿಸಿ, ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಇದೇ ಪರೀಕ್ಷೆಯನ್ನು ಪ್ಲಸ್ ಕಡೆಗೂ ಮಾಡಿ. ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೆ ಅರ್ಧ ವೋಲ್ಟ್ ಮೀರಬಾರದು.

ಇಸಿಎಂನ ಅರ್ಥ್ ಬೇರೆ. ಹಾರ್ನೆಸ್ಸಿನಿಂದ ಎರಡು ಮೂರು ಕಪ್ಪು ವೈರುಗಳು ರಿಂಗ್ ಲಗ್‌ನೊಂದಿಗೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಬರುತ್ತವೆ. ಎಂಜಿನ್ ಇಳಿಸುವಾಗ ಬಿಚ್ಚಿ, ಏರಿಸುವಾಗ "ಆಮೇಲೆ ಹಾಕಿದರಾಯ್ತು" ಎಂದು ಬಿಡುವುದು ಇವನ್ನೇ. ಇವು ಸಡಿಲವಿದ್ದರೆ ಒಂದು ದಿನ ಐಡ್ಲಿಂಗ್ ಕೆಡುತ್ತದೆ, ಇನ್ನೊಂದು ದಿನ ಯಾವುದೋ ಸೆನ್ಸರ್ ಹೋಗಿದೆ ಎಂಬ ಕೋಡ್ ಬರುತ್ತದೆ, ನೀವು ಒಳ್ಳೇ ಸೆನ್ಸರ್ ಎಸೆದು ಹೊಸದು ತರುತ್ತೀರಿ. ಸೆಲ್ಫ್ ಹೊಡೆಯುವಾಗ ಇಸಿಎಂ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ಬಂದರೆ ಆ ಲಗ್‌ಗಳನ್ನು ನೋಡದೆ ಮುಂದೆ ಹೋಗಬೇಡಿ.

ಇಸಿಎಂಗೆ ಕರೆಂಟ್ ಬರುತ್ತಿದೆಯೇ?

ಇದಕ್ಕೆ ಬಿಟ್ಟಿ ಪರೀಕ್ಷೆ ಒಂದಿದೆ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಚೆಕ್ ಎಂಜಿನ್ ಲ್ಯಾಂಪ್ ಉರಿಯಬೇಕು, ಹಿಂದಿನ ಟ್ಯಾಂಕಿನಿಂದ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಎಂದು ನಿಲ್ಲಬೇಕು. ಎರಡೂ ಆದರೆ ಇಸಿಎಂ ಎಚ್ಚರವಾಗಿದೆ. ಲ್ಯಾಂಪೂ ಇಲ್ಲ, ಪಂಪೂ ಇಲ್ಲ ಎಂದರೆ ಅದಕ್ಕೆ ಊಟವೇ ಹೋಗುತ್ತಿಲ್ಲ. ಲ್ಯಾಂಪಿಗೆ ವೈರೇ ಎಳೆದಿಲ್ಲವೆಂದರೆ ಮೊದಲು ಎಳೆಯಿರಿ. ಕಾರ್ಬುರೇಟರ್ ಗಾಡಿಯ ಮೀಟರ್ ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಬಹಳ ಜನ ಬಿಟ್ಟುಬಿಡುತ್ತಾರೆ. ಆ ಕಾಲದ ಹಲವು ಸುಜುಕಿಗಳಲ್ಲಿ ಡಯಾಗ್ನೋಸಿಸ್ ಕಪ್ಲರನ್ನು ಅರ್ಥ್ ಮಾಡಿದರೆ ಆ ಲ್ಯಾಂಪೇ ಮಿನುಗಿ ಕೋಡ್ ಹೇಳುತ್ತದೆ. ಒಂದು ಮಿನುಗು, ಸ್ವಲ್ಪ ಬಿಟ್ಟು ಎರಡು ಮಿನುಗು, ಎಂದರೆ 12 ಬಂದರೆ ಯಾವ ದೋಷವೂ ದಾಖಲಾಗಿಲ್ಲ ಎಂದರ್ಥ.

ಇಸಿಎಂಗೆ ಸಾಮಾನ್ಯವಾಗಿ ಮೂರು ದಾರಿಯಲ್ಲಿ ಪ್ಲಸ್ ಬರುತ್ತದೆ: ಸದಾ ಇರುವ ಬ್ಯಾಟರಿ ಲೈನ್, ಕೀ ಹಾಕಿದಾಗ ಬರುವ ಸೂಚನೆ, ಮೇನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಮೂಲಕ ಬರುವ ಮುಖ್ಯ ಕರೆಂಟ್. ಮೂರನ್ನೂ ಬೇರೆ ಬೇರೆಯಾಗಿ ಅಳೆಯಿರಿ. ರಿಲೇ ಮೇಲಿನ ಅಂಕಿ ಮರೆಯದಿರಿ: 30ಕ್ಕೆ ಬ್ಯಾಟರಿ, 87ರಿಂದ ಹೊರಗೆ, 85 ಮತ್ತು 86 ಒಳಗಿನ ಕಾಯಿಲ್. ಟಿಕ್ ಎಂಬ ಸದ್ದು ಕೇಳಿತೆಂದು ರಿಲೇ ಸರಿಯಿದೆ ಅನ್ನಬೇಡಿ, ಪಾಯಿಂಟ್ ಸುಟ್ಟಿದ್ದರೂ ಟಿಕ್ ಅನ್ನುತ್ತದೆ. 87ಕ್ಕೆ 21 ವಾಟ್ ಬಲ್ಬ್ ಕೊಟ್ಟು ನೋಡಿ.

ಈ ಕೀ ಲೈನಿನಲ್ಲಿ ಎರಡು ಗುಂಡಿಗಳಿವೆ, ಎರಡರಲ್ಲೂ ಜನ ಬೀಳುತ್ತಾರೆ.

ಒಂದು, ಆಕ್ಸೆಸರಿ ಲೈನ್. ರೇಡಿಯೋಗೆ ಹೋಗುವ ವೈರಿನಲ್ಲಿ ಕೀ ಹಾಕಿದಾಗ 12 ವೋಲ್ಟ್ ಇರುತ್ತದೆ, ಕೈಗೂ ಸುಲಭವಾಗಿ ಸಿಗುತ್ತದೆ, ಅದನ್ನೇ ಇಸಿಎಂಗೆ ಕೊಟ್ಟುಬಿಡುತ್ತೇವೆ. ಆದರೆ ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ ಕೀ ಸ್ವಿಚ್ ಆ ಲೈನನ್ನು ಕಡಿದುಹಾಕುತ್ತದೆ. ಎಂಜಿನ್ ಗಿರಗಿರ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಕೀ ಬಿಟ್ಟ ಕ್ಷಣಕ್ಕೆ ಮಾತ್ರ ಒಂದು ಸಲ ಕೆಮ್ಮುತ್ತದೆ. ಆ ಕೆಮ್ಮು ಕೇಳಿದರೆ ಬೇರೇನೂ ಹುಡುಕಬೇಡಿ, ಮೀಟರ್ ಹಿಡಿದು ಆ ವೈರಿನಲ್ಲಿ ಸೆಲ್ಫ್ ಹೊಡೆಯುವಾಗಲೂ ಕರೆಂಟ್ ಉಳಿಯುತ್ತದೆಯೇ ನೋಡಿ.

ಇನ್ನೊಂದು, ಹಳೇ ಇಗ್ನಿಷನ್ ಕಾಯಿಲಿಗೆ ಹೋಗುತ್ತಿದ್ದ ವೈರು. ಕೆಲವು ಹಳೇ ಗಾಡಿಗಳಲ್ಲಿ ಆ ಲೈನಿನಲ್ಲಿ ರೆಸಿಸ್ಟರ್ ಇರುತ್ತದೆ. ಭಾರವಿಲ್ಲದಾಗ 12 ವೋಲ್ಟ್ ತೋರಿಸಿ, ಭಾರ ಬಿದ್ದರೆ ಕುಸಿಯುತ್ತದೆ. ಇಲ್ಲೂ ಆ ಬಲ್ಬೇ ಉತ್ತರ. ಅದು ಮಂಕಾಗಿ ಉರಿದರೆ ಆ ವೈರು ಬೇಡ.

ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ

ಪಂಪಿನಿಂದ ಶುರುಮಾಡಿ. ಹಳೇ ಎಂಜಿನ್ನಿನಲ್ಲಿ ಪಂಪು ಎಂಜಿನ್ ಪಕ್ಕದಲ್ಲೇ ಮೆಕ್ಯಾನಿಕಲ್ ಆಗಿತ್ತು. ಈಗ ಹಿಂದಿನ ತನಕ ಹೊಸ ವೈರು ಎಳೆದಿದ್ದೀರಿ. ಪಂಪ್ ಓಡುತ್ತಿರುವಾಗ ಅದರ ಎರಡು ಪಿನ್ನಿನ ನಡುವೆಯೇ ವೋಲ್ಟ್ ಅಳೆಯಿರಿ, ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ಪರವಾಗಿಲ್ಲ. ಎರಡು ವೋಲ್ಟ್ ಕಡಿಮೆ ಇದ್ದರೆ ವೈರು ತೆಳುವಾಯಿತು, ಅಥವಾ ಹಿಂದಿನ ಅರ್ಥ್ ಸರಿಯಿಲ್ಲ. ಮನೆ ವೈರಿಂಗಿನ ಗಟ್ಟಿ ಕಂಬಿಯ ವೈರನ್ನು ಗಾಡಿಗೆ ಹಾಕಬೇಡಿ, ಅದುರಿ ಅದುರಿ ಮುರಿಯುತ್ತದೆ.

ಇಂಜೆಕ್ಟರ್ ವಿಷಯದಲ್ಲಿ ಹೊಸಬರು ಒಂದು ಕಡೆ ಗಲಿಬಿಲಿಗೊಳ್ಳುತ್ತಾರೆ. ಕೀ ಆನ್ ಇದ್ದಾಗ ಇಂಜೆಕ್ಟರಿನ ಎರಡೂ ವೈರಿನಲ್ಲಿ 12 ವೋಲ್ಟ್ ಕಾಣುತ್ತದೆ. ಅದು ಶಾರ್ಟ್ ಅಲ್ಲ. ಒಂದು ಕಡೆಯಿಂದ ಪ್ಲಸ್ ಸದಾ ಬರುತ್ತದೆ, ಇನ್ನೊಂದು ಕಡೆಯನ್ನು ಇಸಿಎಂ ಬೇಕಾದಾಗ ಮಾತ್ರ ಅರ್ಥ್ ಮಾಡುತ್ತದೆ. ಅರ್ಥ್ ಆಗದವರೆಗೆ ಕರೆಂಟ್ ಹರಿಯದು, ಹರಿಯದಿದ್ದರೆ ಎರಡೂ ತುದಿ ಒಂದೇ ಮಟ್ಟ. ಕಪ್ಲರ್ ಕಳಚಿ ಎಲ್‌ಇಡಿ ಟೆಸ್ಟರನ್ನು ಆ ಎರಡು ಪಿನ್ನಿಗೆ ಕೊಟ್ಟು ಸೆಲ್ಫ್ ಹೊಡೆಸಿ, ಮಿನುಗಿದರೆ ಇಸಿಎಂ ತನ್ನ ಕೆಲಸ ಮಾಡುತ್ತಿದೆ. ಮಿನುಗದೆ, ಪ್ಲಗ್ಗಿನಲ್ಲಿ ಸ್ಪಾರ್ಕೂ ಇಲ್ಲದಿದ್ದರೆ ಎಂಜಿನ್ ತಿರುಗುತ್ತಿದೆ ಎಂದು ಇಸಿಎಂಗೆ ಹೇಳುವ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರಿನ ಸಿಗ್ನಲ್ ತಲುಪುತ್ತಿಲ್ಲ. ಆ ವೈರನ್ನು ಉದ್ದ ಮಾಡಿದ್ದೀರಾ? ಅದರ ಸುತ್ತಲಿನ ಜಾಲರಿ ಕವಚವನ್ನೂ ಮುಂದುವರಿಸಬೇಕು, ಆ ಕವಚಕ್ಕೆ ಇಸಿಎಂ ಕಡೆಯ ಒಂದೇ ತುದಿಯಲ್ಲಿ ಅರ್ಥ್ ಇರಬೇಕು, ಪ್ಲಗ್ ವೈರುಗಳ ಪಕ್ಕದಲ್ಲಿ ಹಾಯಬಾರದು.

ಎಂಜಿನ್ ಸ್ಟಾರ್ಟ್ ಆಗಿ ಸೆಕೆಂಡಿನಲ್ಲೇ ಸತ್ತರೆ, ಪ್ರತಿ ಸಲವೂ ಹಾಗೇ ಆದರೆ, ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ಕಳ್ಳತನ ತಡೆ) ಮೇಲೆ ಅನುಮಾನ ಪಡಿ. ಮಾರುತಿಯ ಇಮೊಬಿಲೈಸರ್ ಆದ ಐಕ್ಯಾಟ್ಸ್ ಇದ್ದ ಗಾಡಿಯಿಂದ ಎಂಜಿನ್ ತಂದಿದ್ದರೆ ಅದರ ಕೀ, ಕೀ ಸುತ್ತಲಿನ ಕಾಯಿಲ್, ಅದರ ಡಬ್ಬಿ ಎಲ್ಲವೂ ಜೊತೆಗೇ ಬರಬೇಕು. ಗುಜರಿಯಲ್ಲೇ ಕೇಳಿ ಪಡೆಯಿರಿ, ಆಮೇಲೆ ಹೋದರೆ ಸಿಗುವುದಿಲ್ಲ.

ಸೆನ್ಸರುಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ. ಥ್ರಾಟಲ್ ಸೆನ್ಸರಿನ ಕಪ್ಲರ್ ಕಳಚಿ ನೋಡಿ, 5 ಇಲ್ಲದೆ ಸೊನ್ನೆ ಬಂದರೆ ಇಸಿಎಂ ಸತ್ತಿತೆಂದು ಅಳಬೇಡಿ. ಆ 5 ವೋಲ್ಟ್ ಹಲವು ಸೆನ್ಸರುಗಳ ಪಾಲು, ಒಂದು ಶಾರ್ಟ್ ಆದರೆ ಎಲ್ಲವೂ ಮಲಗುತ್ತವೆ. ಒಂದೊಂದೇ ಕಪ್ಲರ್ ಕಳಚುತ್ತಾ ಬನ್ನಿ, ಯಾವುದನ್ನು ಕಳಚಿದಾಗ 5 ಮರಳಿತೋ ಅಲ್ಲಿದೆ ತಪ್ಪು. ಟೆಂಪರೇಚರ್ ಸೆನ್ಸರ್ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು, 80 ಡಿಗ್ರಿಯಲ್ಲಿ 300ರ ಸುತ್ತಮುತ್ತ ಇರಬೇಕು. ಅಂದಹಾಗೆ, ಮೀಟರ್ ಬೋರ್ಡಿನ ಮುಳ್ಳಿಗೆ ಬೇರೆಯದೇ ಸೆನ್ಸರ್. ಹಳೇ ಎಂಜಿನ್ನಿನದನ್ನು ಕಳಚಿ ಹೊಸದಕ್ಕೆ ಹಾಕಿದರೆ ಮಾತ್ರ ಹಳೇ ಮುಳ್ಳು ನಿಜ ಹೇಳುತ್ತದೆ.

ಫ್ಯೂಸ್ ಹಾರುತ್ತಲೇ ಇದ್ದರೆ

ಫ್ಯೂಸ್ ಹಾಕುವುದು, ಹಾರುವುದು, ಕೊನೆಗೆ ಬೇಸತ್ತು ತಾಮ್ರದ ಎಳೆ ಸುತ್ತುವುದು. ಎಂದೂ ಮಾಡಬೇಡಿ, ಗಾಡಿ ಸುಡುತ್ತದೆ. ಹಾರಿದ ಫ್ಯೂಸಿನ ಜಾಗಕ್ಕೆ 21 ವಾಟ್ ಬಲ್ಬ್ ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಪೂರ್ತಿ ಉರಿಯುತ್ತದೆ, ಆದರೆ ವೈರು ಬಿಸಿಯಾಗುವುದಿಲ್ಲ. ಈಗ ಆ ಲೈನಿನ ಕಪ್ಲರುಗಳನ್ನು ಒಂದೊಂದಾಗಿ ಕಳಚಿ. ಬಲ್ಬ್ ಆರಿದಾಗ ಕೈಯಲ್ಲಿ ಯಾವ ಕಪ್ಲರ್ ಇದೆಯೋ ಅದರಾಚೆ ಶಾರ್ಟ್. ಎಲ್ಲ ಕಳಚಿದರೂ ಉರಿಯುತ್ತಿದ್ದರೆ ವೈರೇ ಎಲ್ಲೋ ಬಾಡಿಗೆ ತಾಗಿದೆ. ಹಾರ್ನೆಸ್ ಅಲುಗಿಸುತ್ತಾ ಬನ್ನಿ, ಬಲ್ಬ್ ಮಿನುಗಿದ ಜಾಗದಲ್ಲಿ ನಿಲ್ಲಿ. ಫೈರ್‌ವಾಲ್ (ಎಂಜಿನ್ ಮತ್ತು ಒಳಗಿನ ಸೀಟಿನ ನಡುವಿನ ತಗಡಿನ ಗೋಡೆ) ತೂತಿನ ರಬ್ಬರ್ ಗ್ರೋಮೆಟ್, ಬೆಲ್‌ಹೌಸಿಂಗ್ (ಕ್ಲಚ್ಚಿನ ಹೊರ ಕವಚ) ಮತ್ತು ಎಂಜಿನ್ ನಡುವೆ ಸಿಕ್ಕಿಕೊಂಡ ವೈರು, ಎಕ್ಸಾಸ್ಟ್ ಹತ್ತಿರ ಕರಗಿದ ಟೇಪು, ಈ ಮೂರನ್ನು ಮೊದಲು ನೋಡಿ. ಎಸ್ಟೇಟಿನ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇಲಿ ಕಡಿದದ್ದನ್ನೂ ಸೇರಿಸಿಕೊಳ್ಳಿ.

ಕೀ ತೆಗೆದರೂ ಎಂಜಿನ್ ನಿಲ್ಲದಿದ್ದಾಗ

ನನಗಾದದ್ದು ಇದು. ಗಾಡಿ ಚೆನ್ನಾಗಿ ಸ್ಟಾರ್ಟ್ ಆಯಿತು, ಚೆನ್ನಾಗಿ ಓಡಿತು, ಕೀ ತೆಗೆದು ಜೇಬಿಗೆ ಹಾಕಿಕೊಂಡೆ, ಎಂಜಿನ್ ತನ್ನ ಪಾಡಿಗೆ ಓಡುತ್ತಲೇ ಇದೆ! ಮೀಟರ್ ಬೋರ್ಡಿನಲ್ಲಿ ಚಾರ್ಜ್ ಲ್ಯಾಂಪ್ ಮಾತ್ರ ಮಂಕಾಗಿ ಕೆಂಪಗೆ. ಕ್ಲಚ್ ಬಿಟ್ಟು ಗೇರಿನಲ್ಲಿ ಕೊಂದು ನಿಲ್ಲಿಸಿದೆ.

ಆ ಮಂಕು ಲ್ಯಾಂಪೇ ಸುಳಿವು. ಚಾರ್ಜ್ ಲ್ಯಾಂಪಿನ ಒಂದು ತುದಿ ಕೀ ಲೈನಿಗೆ, ಇನ್ನೊಂದು ಆಲ್ಟರ್ನೇಟರಿಗೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ತುದಿಯಲ್ಲಿ 14 ವೋಲ್ಟ್ ಇರುತ್ತದೆ. ಕೀ ತೆಗೆದಾಗ ಆ ಕರೆಂಟ್ ಲ್ಯಾಂಪಿನ ಮೂಲಕ ಹಿಮ್ಮುಖವಾಗಿ ಕೀ ಲೈನಿಗೆ ನುಗ್ಗುತ್ತದೆ. ಹಳೇ ಎಂಜಿನ್ನಿನಲ್ಲಿ ಇದು ಕಾಡಲಿಲ್ಲ, ಏಕೆಂದರೆ ಇಗ್ನಿಷನ್ ಕಾಯಿಲ್ ಮೂರು ನಾಲ್ಕು ಆಂಪಿಯರ್ ಕೇಳುತ್ತಿತ್ತು, ಆ ಪುಟ್ಟ ಬಲ್ಬಿನಿಂದ ಅಷ್ಟು ಹಾಯದು. ಈಗ ಕೀ ಲೈನಿನಲ್ಲಿರುವುದು ಮೇನ್ ರಿಲೇಯ ಕಾಯಿಲ್. ಅದಕ್ಕೆ ಸುಮಾರು 0.15 ಆಂಪಿಯರ್ ಸಾಕು, ಬಲ್ಬಿನಿಂದ ಸೋರುವುದೇ ಹಬ್ಬದೂಟ. ಲ್ಯಾಂಪಿನ ವೈರಿಗೆ ಒಂದು 1ಎನ್4007 ಡಯೋಡ್ ಹಾಕಿ, ಬೆಳ್ಳಿ ಪಟ್ಟಿಯ ತುದಿ ಆಲ್ಟರ್ನೇಟರ್ ಕಡೆಗೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಲ್ಯಾಂಪನ್ನೇ ಕಿತ್ತುಹಾಕುವ ಯೋಚನೆ ಬೇಡ, ಅದಿಲ್ಲದೆ ಎಷ್ಟೋ ಆಲ್ಟರ್ನೇಟರುಗಳು ಚಾರ್ಜ್ ಶುರುಮಾಡುವುದೇ ಇಲ್ಲ.

ಬಂದು ಹೋಗುವ ದೋಷ, ಮತ್ತು ರಾತ್ರಿ ಇಳಿಯುವ ಬ್ಯಾಟರಿ

ಬಂದು ಹೋಗುವ ದೋಷಕ್ಕೆ ತಾಳ್ಮೆ ಬೇಕು. ಎಂಜಿನ್ ಐಡ್ಲಿಂಗಿನಲ್ಲಿರಲಿ, ಹಾರ್ನೆಸ್ಸನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸಿ. ಬಿಸಿಯಾದಾಗ ಮಾತ್ರ ಬರುವುದಾದರೆ ಹೇರ್ ಡ್ರೈಯರ್, ಮಳೆಯಲ್ಲಿ ಮಾತ್ರ ಬರುವುದಾದರೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ. ಬೆಸುಗೆ ಹಾಕಿದ ಜೋಡಣೆಗಳನ್ನು ವಿಶೇಷವಾಗಿ ಎಳೆದು ನೋಡಿ, ಸೀಸ ಹೀರಿ ಗಟ್ಟಿಯಾದ ವೈರು ಗಟ್ಟಿ ಭಾಗ ಮುಗಿಯುವಲ್ಲಿ ಅದುರಿ ಮುರಿಯುತ್ತದೆ. ಸರಿಯಾದ ಇಕ್ಕಳದಲ್ಲಿ ಒತ್ತಿದ ಕ್ರಿಂಪ್, ಮೇಲೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ, ನನ್ನ ಓಟು ಇದಕ್ಕೇ. ಜೋಡಣೆಗಳೆಲ್ಲ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ.

ಕೊನೆಗೆ, ಕೀ ತೆಗೆದು ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು, ಮೈನಸ್ ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿಟ್ಟು ಓದಿ. ಮೀಟರ್ ಹೀಗಿದ್ದಾಗ ಕೀ ತಿರುಗಿಸಬೇಡಿ. 50 ಮಿಲಿ ಆಂಪಿಯರ್ ಒಳಗಿದ್ದರೆ ನೆಮ್ಮದಿಯಾಗಿ ಮಲಗಿ. ಹೆಚ್ಚಿದ್ದರೆ ಫ್ಯೂಸ್ ಒಂದೊಂದೇ ತೆಗೆದು ಯಾವುದರಲ್ಲಿ ಇಳಿಯಿತು ನೋಡಿ.

ಇಷ್ಟೆಲ್ಲ ಮಾಡಿ ರಸ್ತೆಗಿಳಿಯುವ ಮುಂಚೆ ಆರ್‌ಟಿಒ ಕಡೆಯ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಟಿಗೆ ಮಿತಿ ಹಾಕಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಬಿಗಿಯಾಗಿ ಹೇಳಿದೆ. ಬೇರೆ ಎಂಜಿನ್ ಕೊಳ್ಳುವ ಮುಂಚೆಯೇ ಆರ್‌ಟಿಒದಲ್ಲಿ ಕೇಳಿ, ಎಂಜಿನ್ನಿನ ಬಿಲ್ಲು, ನಂಬರು ಎರಡೂ ಕೈಯಲ್ಲಿರಲಿ.

ಹಾರ್ನೆಸ್ಸಿಗೆ ಟೇಪ್ ಸುತ್ತುವ ಆತುರ ಬೇಡ. ನಾನು ಮೂರು ವಾರ ಅಲ್ಲಲ್ಲಿ ಟ್ವೈನ್ ದಾರ ಕಟ್ಟಿಕೊಂಡೇ ಓಡಿಸಿದೆ, ಬಾನೆಟ್ ಎತ್ತಿದವರೆಲ್ಲ ನಕ್ಕರು. ಎರಡನೇ ವಾರದಲ್ಲಿ ಇನ್ನೆರಡು ಲಗ್ ಸಡಿಲಾಗಿದ್ದು ಕಣ್ಣಿಗೆ ಬಿತ್ತು.